ಬಾಯಿ ಕ್ಯಾನ್ಸರ್ ಪ್ರಾಜೆಕ್ಟಿಗೆ ಉಚಿತ ಡೇಟಾ: ಎಲ್ಲಿಂದ ಶುರು ಮಾಡಲಿ? ನಮ್ಮ ಊರಿನ ಕವಳದ (ಎಲೆಅಡಿಕೆಯ) ಕ್ಯಾನ್ಸರ್ ಅದರಲ್ಲಿ ಉಂಟಾ?

ಮುಡಿಪು ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರು ಹತ್ತಿರ ಎಂಎಸ್ಸಿ ಎರಡನೇ ವರ್ಷದಲ್ಲಿದ್ದೇನೆ. ಪ್ರಾಜೆಕ್ಟಿಗೆ ಬಾಯಿ ಕ್ಯಾನ್ಸರ್ ತೆಗೆದುಕೊಂಡಿದ್ದೇನೆ. ಕಾರಣ ಮನೆಯದ್ದೇ. ನನ್ನ ಸೋದರಮಾವನಿಗೆ ಎರಡು ವರ್ಷದ ಹಿಂದೆ ಕೆನ್ನೆಯ ಒಳಗೆ ಹುಣ್ಣಾಯಿತು. ಆರು ತಿಂಗಳು ಹಲ್ಲು ತಾಗಿದ್ದು ಅಂತಲೇ ಅಂದುಕೊಂಡಿದ್ದರು. ಬಯಾಪ್ಸಿ ಮಾಡಿಸುವಾಗ ತುಂಬಾ ತಡವಾಗಿತ್ತು. ಈಗ ಅವರಿಲ್ಲ.

ಸ್ಯಾಂಪಲ್ ಸೀಕ್ವೆನ್ಸ್ ಮಾಡಿಸಲು, ಅಂದರೆ ಅದರ ಡಿಎನ್‌ಎ ಓದಿಸಲು, ನಮ್ಮಲ್ಲಿ ದುಡ್ಡಿಲ್ಲ. ಗೈಡ್ ಹೇಳಿದರು, "ಅಮೆರಿಕದ ಟಿಸಿಜಿಎ ಯೋಜನೆಯ ಕ್ಯಾನ್ಸರ್ ಜೀನ್ ಡೇಟಾ ಉಚಿತ, ಅದರಲ್ಲಿ ಮಾಡು" ಅಂತ. ನಿನ್ನೆ ರಾತ್ರಿ ಅದನ್ನು ಇಟ್ಟಿರುವ ಜಿಡಿಸಿ ಪೋರ್ಟಲ್ ತೆರೆದೆ. ಸಾವಿರಾರು ಫೈಲು. ಒಂದೊಂದರ ಹೆಸರೂ ಒಂದು ಗೇಣು ಉದ್ದ. ಯಾವುದನ್ನು ಮುಟ್ಟಬೇಕು ಅಂತ ಗೊತ್ತಾಗದೆ ಮುಚ್ಚಿ ಮಲಗಿದೆ.

ನನ್ನ ಪ್ರಶ್ನೆ ಮೂರು. ಎಲ್ಲಿಂದ ಶುರು ಮಾಡಲಿ? ಎಂಟು ಜಿಬಿಯ ಲ್ಯಾಪ್‌ಟಾಪ್ ಸಾಕಾ? ಮತ್ತೆ, ನಮ್ಮಂಥ ಊರಿನವರ, ಎಲೆಅಡಿಕೆ ಹೊಗೆಸೊಪ್ಪು ಹಾಕುವವರ ಡೇಟಾ ಅದರಲ್ಲಿ ಉಂಟಾ?

ಮಣಿಪಾಲದ ಮಳೆ

ಮಾವನ ವಿಷಯ ಓದಿ ಬೇಜಾರಾಯಿತು. ನಾನು ಮಣಿಪಾಲದಲ್ಲಿ ಪೋಸ್ಟ್‌ಡಾಕ್. ಎಂಟು ವರ್ಷದಿಂದ ಇಂಥ ಡೇಟಾದಲ್ಲೇ ಕೆಲಸ. ಮೊದಲ ಎರಡು ಪ್ರಶ್ನೆಗೆ ಹೇಳುತ್ತೇನೆ. ಮೂರನೆಯದಕ್ಕೆ ನನಗಿಂತ ಡಾಕ್ಟರುಗಳು ಚೆನ್ನಾಗಿ ಹೇಳಬಲ್ಲರು.

ಜಿಡಿಸಿಯಿಂದ ಶುರು ಮಾಡಬೇಡಿ. ಟಿಸಿಜಿಎ ಅಂದರೆ ಅಮೆರಿಕದಲ್ಲಿ 2006ರಲ್ಲಿ ಶುರುವಾದ ಯೋಜನೆ. 33 ಬಗೆಯ ಕ್ಯಾನ್ಸರ್, 11,000ಕ್ಕೂ ಹೆಚ್ಚು ರೋಗಿಗಳು. ಅದೆಲ್ಲವನ್ನೂ ತುಂಬಿಟ್ಟ ಗೋದಾಮು ಜಿಡಿಸಿ, 2016ರಲ್ಲಿ ತೆರೆದದ್ದು. ಒಂದು ಕೆಜಿ ಅಕ್ಕಿ ಬೇಕಾದವರು ಬಂದರಿನ ಗೋದಾಮಿಗೆ ಹೋಗುವುದಿಲ್ಲ ಅಲ್ವಾ? ಅಂಗಡಿಗೆ ಹೋಗುತ್ತಾರೆ. ಆ ಅಂಗಡಿ ಸಿಬಯೋಪೋರ್ಟಲ್. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್‌ನಲ್ಲಿ ಹುಟ್ಟಿದ್ದು. ಲಾಗಿನ್ ಬೇಡ, ದುಡ್ಡು ಬೇಡ, ಕೋಡಿಂಗ್ ಬೇಡ. ತಲೆ-ಕುತ್ತಿಗೆ ಕ್ಯಾನ್ಸರಿನ ಟಿಸಿಜಿಎ ಅಧ್ಯಯನ ಆರಿಸಿ, ಟಿಪಿ53 ಅಂತ ಒಂದು ಜೀನಿನ ಹೆಸರು ಬರೆದು ಒತ್ತಿ. ಪ್ರತಿ ರೋಗಿಗೂ ಒಂದು ಸಣ್ಣ ಪಟ್ಟಿ, ಎಲ್ಲಿ ಮ್ಯುಟೇಶನ್ (ಜೀನಿನಲ್ಲಿ ಬದಲಾವಣೆ) ಆಗಿದೆಯೋ ಅಲ್ಲಿ ಬಣ್ಣ. ಒಂದು ವಾರ ಬೇರೆ ಏನೂ ಮಾಡದೆ ಅದನ್ನೇ ನೋಡಿ. ಪ್ರಶ್ನೆ ತಾನಾಗಿ ಬರುತ್ತದೆ.

ಆಮೇಲೆ ಅಂಕಿಗಳ ಟೇಬಲ್ ಬೇಕಾದರೆ ಇನ್ನೊಂದು ಉಚಿತ ತಾಣ, ಯುಸಿಎಸ್‌ಸಿ ಝೀನಾ. ಒಂದು ಕ್ಯಾನ್ಸರಿನ ಎಲ್ಲಾ ಜೀನುಗಳ ಚಟುವಟಿಕೆಯ ಅಳತೆ, ಅಂದರೆ ಎಕ್ಸ್‌ಪ್ರೆಶನ್ ಒಂದೇ ಫೈಲಿನಲ್ಲಿ ಸಿಗುತ್ತದೆ. ಎಂಟು ಜಿಬಿ ಲ್ಯಾಪ್‌ಟಾಪ್ ಸಾಕು. ಕಚ್ಚಾ ಸೀಕ್ವೆನ್ಸ್ ಫೈಲುಗಳ ಕಥೆ ಬೇರೆ. ಇಡೀ ಜೀನೋಮ್ ಆದರೆ ಒಬ್ಬ ರೋಗಿಯ ಒಂದು ಫೈಲೇ ನೂರು ಜಿಬಿ ದಾಟಬಹುದು. ಅದಕ್ಕೆ ಸಂಸ್ಥೆಯ ಮೂಲಕ ಅರ್ಜಿ ಹಾಕಿ ಅನುಮತಿ ತೆಗೆದುಕೊಳ್ಳಬೇಕು, ಯಾಕೆಂದರೆ ಅದರಿಂದ ರೋಗಿಯ ಗುರುತು ಹಿಡಿಯಬಹುದು. ನಿಮ್ಮ ಎಂಎಸ್ಸಿಗೆ ಅದು ಬೇಕಾಗಿಲ್ಲ.

ಕುಂದಾಪುರ ಕೋಡ್

ಮೇಲಿನವರು ಹೇಳಿದ್ದು ಸರಿ. ಒಂದು ಎಚ್ಚರಿಕೆ ಸೇರಿಸುತ್ತೇನೆ. ನನ್ನ ಮೂರು ತಿಂಗಳು ಹೋದದ್ದು ಇದರಲ್ಲೇ.

ಟಿಸಿಜಿಎ ಸ್ಯಾಂಪಲ್ ಹೆಸರಲ್ಲಿ ಅಡ್ಡಗೆರೆ ಹಾಕಿ ಭಾಗ ಮಾಡಿರುತ್ತಾರೆ. ನಾಲ್ಕನೇ ಭಾಗದ ಎರಡು ಅಂಕಿ ನೋಡಿ. 01 ಅಂದರೆ ಮೂಲ ಗಡ್ಡೆ. 11 ಅಂದರೆ ಅದೇ ರೋಗಿಯ ಆರೋಗ್ಯವಂತ ಭಾಗದಿಂದ ತೆಗೆದದ್ದು. 06 ಅಂದರೆ ಬೇರೆ ಕಡೆ ಹರಡಿದ ಗಡ್ಡೆ. ನಾನು ಮೊದಲ ಸಲ ಎಲ್ಲವನ್ನೂ ಒಟ್ಟಿಗೆ ಹಾಕಿ ಬದುಕುಳಿಯುವಿಕೆಯ ಲೆಕ್ಕ ತೆಗೆದೆ. ಕೆಲವು ರೋಗಿಗಳು ಎರಡೆರಡು ಸಲ ಎಣಿಕೆಯಾದರು. ಚಂದದ ಗ್ರಾಫ್ ಬಂತು. ಸಮ್ಮೇಳನಕ್ಕೆ ಪೋಸ್ಟರ್ ಕೂಡ ಪ್ರಿಂಟ್ ಆಗಿತ್ತು. ಹಿಂದಿನ ರಾತ್ರಿ ಸೀನಿಯರ್ ಒಬ್ಬರು "ನಾರ್ಮಲ್ ಸ್ಯಾಂಪಲ್ ತೆಗೆದಿದ್ದೀಯಾ?" ಅಂತ ಕೇಳಿದರು. ತೆಗೆದಿರಲಿಲ್ಲ. ಪೋಸ್ಟರ್ ಹಾಕಲಿಲ್ಲ. ಹಾಗಾಗಿ ಮೊದಲು ಎಣಿಸಿ. ಎಷ್ಟು ರೋಗಿ, ಎಷ್ಟು ಗಡ್ಡೆ, ಎಷ್ಟು ನಾರ್ಮಲ್. ಕಾಗದದಲ್ಲಿ ಬರೆದಿಟ್ಟುಕೊಂಡು ಮುಂದೆ ಹೋಗಿ.

ಇನ್ನೊಂದು, ಆರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯಿರಿ. ಅದರಲ್ಲಿ ಈ ಡೇಟಾ ಇಳಿಸಿಕೊಳ್ಳಲು ಟಿಸಿಜಿಎಬಯೋಲಿಂಕ್ಸ್ ಅನ್ನೋ ಪ್ಯಾಕೇಜ್ ಇದೆ. ಬಟನ್ ಒತ್ತುವ ಟೂಲಿನಲ್ಲಿ ನೀವು ಏನು ಮಾಡಿದಿರಿ ಅಂತ ಆರು ತಿಂಗಳ ನಂತರ ನಿಮಗೇ ನೆನಪಿರುವುದಿಲ್ಲ. ಕೋಡ್ ಬರೆದರೆ ಅದು ಉಳಿಯುತ್ತದೆ.

ಬಜಪೆ ಬಿ

ಕೋಡ್ ಎಲ್ಲರಿಗೂ ಮೊದಲ ದಿನವೇ ಆಗುವುದಿಲ್ಲ ಮಾರಾಯ್ರೆ. ಗೆಪಿಯಾ, ಯುಅಲ್ಕನ್, ಕೆಎಂ ಪ್ಲಾಟರ್ ಇವೆಲ್ಲ ಬಟನ್ ಒತ್ತುವ ವೆಬ್ ಟೂಲುಗಳು, ಇರುವುದೇ ನಮ್ಮಂಥವರಿಗೆ. ನನ್ನ ಎಂಎಸ್ಸಿ ಅದರಲ್ಲೇ ಮುಗಿಯಿತು.

ಮಣಿಪಾಲದ ಮಳೆ

ಬಜಪೆ ಅವರೇ, ಟೂಲು ಕೆಟ್ಟದ್ದು ಅಂತ ಯಾರೂ ಹೇಳುವುದಿಲ್ಲ. ಆದರೆ ಕೆಎಂ ಪ್ಲಾಟರಿನಲ್ಲಿ ಒಂದು ಆಯ್ಕೆ ಉಂಟು, ಅತ್ಯುತ್ತಮ ಕಟ್‌ಆಫ್ ತಾನೇ ಹುಡುಕಿಕೊಡುವುದು. ಅದು ಮಾಡುವುದೇನು? ಒಂದು ಜೀನಿನ ಚಟುವಟಿಕೆ ಯಾರಲ್ಲಿ ಜಾಸ್ತಿ, ಯಾರಲ್ಲಿ ಕಡಿಮೆ ಅಂತ ರೋಗಿಗಳನ್ನು ಭಾಗ ಮಾಡಲು ಬೇರೆ ಬೇರೆ ಗೆರೆ ಎಳೆದು ನೋಡಿ, ಯಾವುದರಲ್ಲಿ ಬದುಕುಳಿಯುವಿಕೆಯ ವ್ಯತ್ಯಾಸ ದೊಡ್ಡದಾಗಿ ಕಾಣುತ್ತದೋ ಅದನ್ನು ಕೊಡುತ್ತದೆ. ಹತ್ತಾರು ಸಲ ಪ್ರಯತ್ನಿಸಿದರೆ ಯಾವುದೋ ಒಂದು ಗೆರೆಯಲ್ಲಿ ಸುಮ್ನೆ ಅದೃಷ್ಟದಿಂದ ಪಿ ವ್ಯಾಲ್ಯೂ (ಚಿಕ್ಕದಾದಷ್ಟೂ ಫಲಿತಾಂಶ ಗಟ್ಟಿ ಅಂತ ಜನ ನಂಬುವ ಅಂಕಿ) ಚಿಕ್ಕದಾಗಿಯೇ ಬರುತ್ತದೆ. ಅದನ್ನು ಸಂಶೋಧನೆ ಅಂತ ಬರೆದರೆ ತಪ್ಪಾಗುತ್ತದೆ. ಗೆರೆಯನ್ನು ಮೊದಲೇ ನಿರ್ಧರಿಸಿ. ಮಧ್ಯದ ಬೆಲೆಯೇ ಇರಲಿ. ಮತ್ತೆ ಬೇರೆ ಡೇಟಾದಲ್ಲಿ ಅದೇ ಗೆರೆ ಹಾಕಿ ಪರೀಕ್ಷಿಸಿ.

ಒಂದು ಜೀನ್ ಹೆಸರು ಹಾಕಿ, ನಾಲ್ಕು ಟೂಲಿನ ಚಿತ್ರ ಅಂಟಿಸಿ, "ಇದು ಹೊಸ ಬಯೋಮಾರ್ಕರ್, ರೋಗದ ಗುರುತು" ಅನ್ನುವ ಲೇಖನಗಳು ಈಗ ವಿಪರೀತ. ಅವುಗಳಿಂದ ಒಬ್ಬ ರೋಗಿಗೂ ಉಪಕಾರ ಇಲ್ಲ. ಈ ಹುಡುಗಿ ಮಾವನನ್ನು ಕಳೆದುಕೊಂಡು ಈ ಕೆಲಸಕ್ಕೆ ಬಂದವಳು. ಅವಳಿಗೆ ಆ ದಾರಿ ತೋರಿಸಬಾರದು.

ಪೆಥಾಲಜಿ ಅಕ್ಕ

ಈ ಚರ್ಚೆ ಓದಿ ಖುಷಿಯಾಯಿತು. ನಾನು ಮಂಗಳೂರಿನಲ್ಲಿ ಪೆಥಾಲಜಿಸ್ಟ್. ದಿನಾ ಬಯಾಪ್ಸಿ ನೋಡುವವಳು. ಮೂರನೇ ಪ್ರಶ್ನೆಗೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಟಿಸಿಜಿಎಯ "ತಲೆ-ಕುತ್ತಿಗೆ ಕ್ಯಾನ್ಸರ್" ಅನ್ನುವುದು ಒಂದು ಕಾಯಿಲೆ ಅಲ್ಲ. 2015ರಲ್ಲಿ ನೇಚರ್‌ನಲ್ಲಿ ಬಂದ ಮೊದಲ ದೊಡ್ಡ ವರದಿಯಲ್ಲಿ 279 ಗಡ್ಡೆಗಳಿದ್ದವು. ಅದರಲ್ಲಿ ಬಾಯಿಯವು 172. ಧ್ವನಿಪೆಟ್ಟಿಗೆಯವು 72. ಗಂಟಲಿನ ಹಿಂಭಾಗದವು 33. ಗಂಟಲಿನ ಕ್ಯಾನ್ಸರಿಗೆ ಅಲ್ಲಿ ಎಚ್‌ಪಿವಿ ವೈರಸ್ ದೊಡ್ಡ ಕಾರಣ. ನಮ್ಮ ಕೆನ್ನೆಯ ಕ್ಯಾನ್ಸರಿಗೂ ಅದಕ್ಕೂ ಹೋಲಿಕೆಯೇ ಇಲ್ಲ. ಎಲ್ಲ ಒಟ್ಟಿಗೆ ಕಲಸಿ "ಬಾಯಿ ಕ್ಯಾನ್ಸರ್" ಅಂತ ಬರೆದ ಪ್ರಬಂಧಗಳನ್ನು ನಾನು ಪರೀಕ್ಷಕಳಾಗಿ ವಾಪಸ್ ಕಳಿಸಿದ್ದೇನೆ. ಮೊದಲು ಜಾಗ ನೋಡಿ ಬೇರ್ಪಡಿಸಿ.

ಬಾಯಿಯದ್ದು ಅಂತ ಬೇರ್ಪಡಿಸಿದ ಮೇಲೂ ಇನ್ನೊಂದು ತೊಡಕು. ಅಲ್ಲಿ ನಾಲಿಗೆಯ ಕ್ಯಾನ್ಸರ್ ಜಾಸ್ತಿ. ನಮ್ಮಲ್ಲಿ ಕವಳ ಇಟ್ಟುಕೊಳ್ಳುವ ಜಾಗದಲ್ಲಿ, ಅಂದರೆ ಕೆನ್ನೆ ಮತ್ತು ಒಸಡಿನ ನಡುವಿನ ಸಂದಿಯಲ್ಲಿ ಬರುತ್ತದೆ. ಮಾವನದ್ದೂ ಅದೇ ಅಂತ ಕಾಣುತ್ತದೆ.

ಇದನ್ನೇ ಹಿಡಿದು ನಮ್ಮ ದೇಶದಲ್ಲಿ ಕೆಲಸ ಆಗಿದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಜೀನೋಮ್ ಒಕ್ಕೂಟದಲ್ಲಿ ಭಾರತ ಆರಿಸಿಕೊಂಡದ್ದು ಈ ಕೆನ್ನೆ-ಒಸಡಿನ ಕ್ಯಾನ್ಸರನ್ನೇ. ಪಶ್ಚಿಮ ಬಂಗಾಳದ ಕಲ್ಯಾಣಿಯ ಸಂಶೋಧನಾ ಸಂಸ್ಥೆ ಎನ್‌ಐಬಿಎಂಜಿ ಮತ್ತು ನವಿ ಮುಂಬೈಯ ಕ್ಯಾನ್ಸರ್ ಕೇಂದ್ರ ಆಕ್ಟ್ರೆಕ್ ಸೇರಿ ಮಾಡಿದ್ದು. 2013ರ ಲೇಖನದಲ್ಲಿ 50 ರೋಗಿಗಳ ಎಕ್ಸೋಮ್ (ಜೀನೋಮಿನಲ್ಲಿ ಪ್ರೋಟೀನ್ ಮಾಡುವ ಭಾಗ) ಓದಿ, ಇನ್ನೂ 60 ರೋಗಿಗಳಲ್ಲಿ ಪರೀಕ್ಷಿಸಿದರು. ಟಿಪಿ53, ಕ್ಯಾಸ್ಪೇಸ್-8, ನಾಚ್1 ಹೊರದೇಶದಲ್ಲೂ ಸಿಕ್ಕವೇ. ಆದರೆ ಯುಎಸ್‌ಪಿ9ಎಕ್ಸ್, ಎಂಎಲ್‌ಎಲ್4, ಎಆರ್‌ಐಡಿ2 ಮೊದಲಾದ ಐದು ಜೀನುಗಳು ಈ ಜಾಗದ ಕ್ಯಾನ್ಸರಿನಲ್ಲಿ ಹೊಸದಾಗಿ ಕಂಡವು. ಒಂದು ಮಾತು, ಆ ಒಕ್ಕೂಟದ ಹಳೆಯ ಪೋರ್ಟಲ್ 2024ರಲ್ಲಿ ಮುಚ್ಚಿತು. ಹಳೆ ಲೇಖನದ ಲಿಂಕ್ ತೆರೆಯದಿದ್ದರೆ ಗಾಬರಿ ಬೇಡ.

ನಿಮಗೆ ಸರಿಯಾಗಿ ಬೇಕಾದ್ದು ಡಿಬಿಜೆನ್‌ವಾಕ್. ಎನ್‌ಐಬಿಎಂಜಿಯವರೇ 2021ರಲ್ಲಿ ತೆರೆದ ಉಚಿತ ಡೇಟಾಬೇಸ್. ನೂರು ಭಾರತೀಯ ಬಾಯಿ ಕ್ಯಾನ್ಸರ್ ರೋಗಿಗಳ ಎಕ್ಸೋಮ್, ಐದು ರೋಗಿಗಳ ಇಡೀ ಜೀನೋಮ್. ಪಕ್ಕದಲ್ಲೇ ಹೋಲಿಸಲು ಅಮೆರಿಕದ 220 ರೋಗಿಗಳದ್ದು. ಜೀನ್ ಹೆಸರು ಹಾಕಿ ಹುಡುಕಬಹುದು.

ಪುತ್ತೂರು ತೋಟದವ

ನಾನು ವಿಜ್ಞಾನಿ ಅಲ್ಲ. ಮಗಳು ಬಯೋಟೆಕ್ ಓದುತ್ತಾಳೆ, ಅವಳು ತೋರಿಸಿದಳು. ನಮ್ಮದು ಮೂರು ತಲೆಮಾರಿನ ಅಡಿಕೆ ತೋಟ. ಒಂದು ಪ್ರಶ್ನೆ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಕ್ಯಾನ್ಸರ್ ಅಂದ ಕೂಡಲೇ ಅಡಿಕೆಯ ಹೆಸರು ಬರುತ್ತದೆ. ನನ್ನ ಅಜ್ಜ ತೊಂಬತ್ತರವರೆಗೆ ಕವಳ ಹಾಕಿದವರು, ಹೊಗೆಸೊಪ್ಪು ಮುಟ್ಟಿದವರಲ್ಲ. ಏನೂ ಆಗಲಿಲ್ಲ. ಈ ಡೇಟಾದಲ್ಲಿ ಅಡಿಕೆ ಬೇರೆ, ಹೊಗೆಸೊಪ್ಪು ಬೇರೆ ಅಂತ ಬಿಡಿಸಿ ನೋಡಲು ಆಗುತ್ತದಾ?

ಪೆಥಾಲಜಿ ಅಕ್ಕ

ಅಣ್ಣ, ತಪ್ಪು ತಿಳಿಯುವ ಪ್ರಶ್ನೆಯೇ ಅಲ್ಲ. ಇಲ್ಲಿ ಬಂದ ಪ್ರಶ್ನೆಗಳಲ್ಲಿ ಇದೇ ದೊಡ್ಡದು.

ಮೊದಲು ಗೊತ್ತಿರುವುದನ್ನು ನೇರವಾಗಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ 2004ರಲ್ಲೇ ಹೊಗೆಸೊಪ್ಪಿಲ್ಲದ ಕವಳವನ್ನೂ ಅಡಿಕೆಯನ್ನೂ ಕ್ಯಾನ್ಸರ್ ತರುವುದು ಖಚಿತ ಅನ್ನುವ ಮೊದಲ ಗುಂಪಿಗೆ ಸೇರಿಸಿತು. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಜಾಸ್ತಿ. 2022ರಲ್ಲಿ ಜಗತ್ತಿನಲ್ಲಿ ಹೊಸದಾಗಿ ಬಂದ ಸುಮಾರು 3,89,800 ಬಾಯಿ ಕ್ಯಾನ್ಸರಿನಲ್ಲಿ 1,20,200 ಹೊಗೆರಹಿತ ತಂಬಾಕು ಮತ್ತು ಅಡಿಕೆಯಿಂದ ಅಂತ ಅವರದ್ದೇ ಅಂದಾಜು. ಅದರಲ್ಲಿ 83,400 ನಮ್ಮ ದೇಶದ್ದು. ಅಡಿಕೆ ಜಗಿದು ಬಾಯಿಯ ಒಳಪದರ ಗಟ್ಟಿಯಾಗಿ ಬಾಯಿ ತೆರೆಯಲಾಗದ ಹುಡುಗರು ನಮ್ಮ ಒಪಿಡಿಗೆ ಬರುತ್ತಾರೆ. ಅಜ್ಜನಿಗೆ ಏನೂ ಆಗಲಿಲ್ಲ ಅನ್ನುವುದು ನಿಜವೇ. ಬೀಡಿ ಸೇದಿಯೂ ತೊಂಬತ್ತು ದಾಟಿದವರಿದ್ದಾರೆ. ಅಪಾಯ ಅಂದರೆ ಪ್ರತಿಯೊಬ್ಬರಿಗೂ ಬರುತ್ತದೆ ಅಂತಲ್ಲ.

ಈಗ ನಿಮ್ಮ ಪ್ರಶ್ನೆ. ಟಿಸಿಜಿಎಯಲ್ಲಿ ಬಿಡಿಸಿ ನೋಡಲು ಆಗುವುದಿಲ್ಲ. ಧೂಮಪಾನಕ್ಕೆ ಕಾಲಂ ಉಂಟು, ದಿನಕ್ಕೆ ಎಷ್ಟು ಪ್ಯಾಕ್, ಎಷ್ಟು ವರ್ಷ ಅಂತ. ಅಡಿಕೆಗೆ ಕಾಲಂ ಇಲ್ಲ. ಅದನ್ನು ಕಟ್ಟಿದವರ ಊರಿನಲ್ಲಿ ಕವಳ ಇಲ್ಲ, ಹಾಗಾಗಿ ಕೇಳಬೇಕು ಅಂತ ಅವರಿಗೆ ಹೊಳೆದಿಲ್ಲ. ಅದನ್ನು ಕೇಳಬೇಕಾದವರು ನಾವು. ಜಗಿಯುವ ಅಭ್ಯಾಸವನ್ನು ವಿವರವಾಗಿ ಬರೆದಿಟ್ಟ ದೊಡ್ಡ ಡೇಟಾ ಇದ್ದರೆ ನಿಮಗೂ ಉತ್ತರ ಸಿಗುತ್ತದೆ, ಮುಡಿಪಿನ ಹುಡುಗಿಗೂ ಸಿಗುತ್ತದೆ.

ಕಂಕನಾಡಿ ಕೋಆರ್ಡಿನೇಟರ್

ಬರೆದಿಡುವ ಕೆಲಸ ಮಾಡುವವಳು ನಾನು. ಹದಿನಾಲ್ಕು ವರ್ಷದಿಂದ ಕ್ಯಾನ್ಸರ್ ರೋಗಿಗಳ ಫಾರಂ ತುಂಬಿಸುತ್ತಿದ್ದೇನೆ. ದಯವಿಟ್ಟು ಇದನ್ನು ಓದಿ.

ಫಾರಂನಲ್ಲಿ ಬರೆದಿರುತ್ತದೆ, "ತಂಬಾಕು ಸೇವನೆ: ಇದೆ / ಇಲ್ಲ". ಶುರುವಿನಲ್ಲಿ ನಾನೂ ಅದನ್ನೇ ಕೇಳುತ್ತಿದ್ದೆ. "ತಂಬಾಕು ಸೇವಿಸ್ತೀರಾ?" "ಇಲ್ಲ." ಟಿಕ್ ಹಾಕಿ ಮುಂದೆ. ಒಂದು ದಿನ ಬೆಳ್ತಂಗಡಿ ಕಡೆಯ ಅಮ್ಮ ಒಬ್ಬರು ಬಂದರು. ಅವರೂ ಇಲ್ಲ ಅಂದರು. ಪಕ್ಕದಲ್ಲಿ ಕೂತು ಸುಮ್ನೆ ತುಳುವಿನಲ್ಲಿ ಮಾತಾಡುತ್ತಾ ಬಚ್ಚಿರೆ-ಬಜ್ಜೆಯಿ (ಎಲೆಅಡಿಕೆ) ತಿನ್ನುತ್ತೀರಾ ಅಂತ ಕೇಳಿದೆ. "ಅದಿಲ್ಲದೆ ಆಗುತ್ತದಾ ಮಗಾ, ಮದುವೆಯಾದಾಗಿನಿಂದ" ಅಂದರು. ಅದರಲ್ಲಿ ಪುಗೆರೆ (ಹೊಗೆಸೊಪ್ಪು)? "ಅದೊಂದು ಚೂರು." ದಿನಕ್ಕೆ ಎಷ್ಟು ಸಲ? ಎಂಟು, ಹತ್ತು. ರಾತ್ರಿ ಬಾಯಲ್ಲಿಟ್ಟೇ ಮಲಗುವುದು. ಯಾವ ಕೆನ್ನೆಯಲ್ಲಿ? ಎಡಗಡೆ. ಗಡ್ಡೆ ಎಡಗಡೆಯೇ ಇತ್ತು.

ಅವರ ಮಟ್ಟಿಗೆ ತಂಬಾಕು ಅಂದರೆ ಗಂಡಸರು ಸೇದುವ ಬೀಡಿ. ಹೊಗೆಸೊಪ್ಪು ಎಲೆಯ ಜೊತೆಗಿನ ಸಾಮಾನು, ಸುಣ್ಣ ಇದ್ದ ಹಾಗೆ. ಅವರು ಸುಳ್ಳು ಹೇಳಲಿಲ್ಲ. ನಾನು ಕೇಳಿದ್ದು ಅವರ ಮಾತಿನಲ್ಲಿರಲಿಲ್ಲ.

ಅದಕ್ಕೆ ಮೊದಲು ನಾನು ತುಂಬಿದ ಎಷ್ಟು ಫಾರಂಗಳಲ್ಲಿ "ಇಲ್ಲ" ಅಂತ ತಪ್ಪಾಗಿ ಕೂತಿದೆಯೋ ಅಂತ ನೆನೆದರೆ ಈಗಲೂ ಸಂಕಟವಾಗುತ್ತದೆ. ನೀವೆಲ್ಲ ಕಂಪ್ಯೂಟರಿನಲ್ಲಿ ಒಂದು ಕಾಲಂ ನೋಡುತ್ತೀರಿ, ಸೊನ್ನೆ ಅಥವಾ ಒಂದು. ಆ ಸೊನ್ನೆ ಬಂದದ್ದು ಇಂಥ ಎರಡು ನಿಮಿಷದ ಮಾತಿನಿಂದ. ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ ಕೇಳುವವರು ಇದ್ದರೆ ಒಂದು ಉತ್ತರ. ಇಲ್ಲದಿದ್ದರೆ ಇನ್ನೊಂದು.

ಒಪ್ಪಿಗೆ ಪತ್ರವೂ ಹಾಗೆಯೇ. "ನಿಮ್ಮ ಗಡ್ಡೆಯ ಚೂರು ಇಟ್ಟುಕೊಳ್ಳುತ್ತೇವೆ, ಹೆಸರು ತೆಗೆದು ಅದರ ವಿವರ ಬೇರೆ ಊರಿನ ಸಂಶೋಧಕರಿಗೂ ಕೊಡುತ್ತೇವೆ" ಅಂತ ಅವರ ಭಾಷೆಯಲ್ಲಿ ಕೂತು ಹೇಳಿದರೆ ಬಹಳ ಜನ ಒಪ್ಪುತ್ತಾರೆ. "ನನಗೆ ಬಂದದ್ದು ಬಂತು, ಮಕ್ಕಳಿಗೆ ಬಾರದಿರಲಿ" ಅಂತ ಹೆಬ್ಬೆಟ್ಟು ಒತ್ತಿದವರಿದ್ದಾರೆ.

ಕುಂದಾಪುರ ಕೋಡ್

ಮೇಡಂ, ಇದನ್ನು ಎರಡು ಸಲ ಓದಿದೆ. ಐದು ವರ್ಷದಿಂದ ಇಂಥ ಕಾಲಂಗಳನ್ನು ಮಾಡೆಲ್‌ಗೆ ಹಾಕುತ್ತಿದ್ದೇನೆ. ಆ ಸೊನ್ನೆಯನ್ನು ಒಮ್ಮೆಯೂ ಅನುಮಾನಿಸಿರಲಿಲ್ಲ.

ಬಜಪೆ ಬಿ

ಸೆಲ್ ಲೈನ್, ಅಂದರೆ ಲ್ಯಾಬಿನಲ್ಲಿ ಬೆಳೆಸುತ್ತಾ ಇಡುವ ಜೀವಕೋಶಗಳ ಬಗ್ಗೆ ಯಾರೂ ಹೇಳಲಿಲ್ಲ. ಮುಂದೆ ಲ್ಯಾಬ್ ಕೆಲಸ ಮಾಡುವುದಾದರೆ ಕೆಬಿ ಅನ್ನುವ ಸೆಲ್ ಲೈನ್ ಬಗ್ಗೆ ಹುಷಾರು. 1950ರ ದಶಕದಿಂದ ಅದನ್ನು ಬಾಯಿ ಕ್ಯಾನ್ಸರಿನದ್ದು ಅಂತ ಮಾರುತ್ತಾ ಬಂದರು. ನಿಜದಲ್ಲಿ ಅದು ಹೀಲಾ, ಅಂದರೆ ಗರ್ಭಕಂಠದ ಕ್ಯಾನ್ಸರಿನ ಜೀವಕೋಶ ಬೆರೆತು ಅದನ್ನೇ ನುಂಗಿದ್ದು. ನಾನು ಮೊದಲು ಕೆಲಸಕ್ಕಿದ್ದ ಲ್ಯಾಬಿನಲ್ಲಿ ಅದರ ಮೇಲೆ ಗಿಡಮೂಲಿಕೆಗಳ ಪರೀಕ್ಷೆ ಮಾಡಿ ಬಾಯಿ ಕ್ಯಾನ್ಸರಿಗೆ ಮದ್ದು ಅಂತ ಬರೆಯುತ್ತಿದ್ದೆವು. ಯಾರಿಗೂ ಗೊತ್ತಿರಲಿಲ್ಲ. ಸೆಲ್ಲೋಸಾರಸ್ ಅಂತ ಸ್ವಿಟ್ಜರ್ಲೆಂಡಿನ ಉಚಿತ ಡೇಟಾಬೇಸ್ ಇದೆ. ಆರ್ಡರ್ ಮಾಡುವ ಮೊದಲು ಹೆಸರು ಹಾಕಿದರೆ ಇಂಥ ಎಚ್ಚರಿಕೆ ಮೇಲೆಯೇ ಬರುತ್ತದೆ. ಎರಡು ನಿಮಿಷದ ಕೆಲಸ. ಸರಿಯಾದ ಸೆಲ್ ಲೈನ್ ಸಿಕ್ಕಿದ ಮೇಲೆ ಯಾವ ಜೀನ್ ಇಲ್ಲದಿದ್ದರೆ ಅದು ಸಾಯುತ್ತದೆ ಅಂತ ನೋಡಲು ಬ್ರಾಡ್ ಇನ್‌ಸ್ಟಿಟ್ಯೂಟಿನ ಡೆಪ್‌ಮ್ಯಾಪ್.

ಮಣಿಪಾಲದ ಮಳೆ

ಒಳ್ಳೆಯದು ನೆನಪಿಸಿದಿರಿ. ನಾನು ಜಿಯೋ ಬಗ್ಗೆ ಹೇಳಲು ಬಿಟ್ಟೆ. 2000ದಿಂದ ಅಮೆರಿಕದ ಎನ್‌ಸಿಬಿಐ ನಡೆಸುವ ಭಂಡಾರ. ಲೇಖನ ಬರೆದವರು ತಮ್ಮ ಡೇಟಾವನ್ನು ಅಲ್ಲಿ ಇಡುತ್ತಾರೆ. ಜಿಎಸ್‌ಇ30784 ಅನ್ನುವ ನಂಬರಿನ ಡೇಟಾದಲ್ಲಿ 167 ಬಾಯಿ ಕ್ಯಾನ್ಸರ್, 17 ಕ್ಯಾನ್ಸರಿಗೆ ಮೊದಲಿನ ಹಂತ, 45 ಆರೋಗ್ಯವಂತ ಸ್ಯಾಂಪಲ್ ಇವೆ. ಜಿಎಸ್‌ಇ23558 ಮುಂಬೈ ತಂಡದ್ದು, ಕೆನ್ನೆ-ಒಸಡಿನದ್ದೇ. ತೈವಾನಿನವರೂ ಅಡಿಕೆ ಜಗಿಯುವವರು, ಅಲ್ಲಿನ ಡೇಟಾವೂ ಸಿಗುತ್ತದೆ. ಆದರೆ ಬೇರೆ ಬೇರೆ ಲ್ಯಾಬಿನ ಅಂಕಿಗಳನ್ನು ಒಂದೇ ಟೇಬಲಿಗೆ ಸುರಿಯಬೇಡಿ. ಯಂತ್ರ ಬೇರೆಯಾದರೆ ಅಂಕಿಯ ಅಳತೆಯೇ ಬೇರೆ. ಒಂದೊಂದನ್ನೂ ಪ್ರತ್ಯೇಕ ನೋಡಿ, ಕೊನೆಗೆ ಉತ್ತರಗಳನ್ನು ಹೋಲಿಸಿ.

ಮತ್ತೆ, ಕೊಡುವ ವಿಷಯ. ನಾವು ಬರೀ ತೆಗೆದುಕೊಂಡವರಲ್ಲ. 2014ರಲ್ಲಿ ಮಾನವ ಪ್ರೋಟೀನುಗಳ ನಕ್ಷೆ ಬಂದಾಗ, 17,294 ಜೀನುಗಳ ಪ್ರೋಟೀನ್ ಗುರುತಿಸಿದ ಆ ಕೆಲಸದಲ್ಲಿ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ದೊಡ್ಡ ಪಾಲು ಹೊತ್ತಿತ್ತು. ಎಲ್ಲವನ್ನೂ ತೆರೆದಿಟ್ಟರು. 2022ರಿಂದ ಫರಿದಾಬಾದಿನಲ್ಲಿ ನಮ್ಮದೇ ಭಾರತೀಯ ಜೈವಿಕ ದತ್ತಾಂಶ ಕೇಂದ್ರ ಇದೆ. 2025ರ ಫೆಬ್ರವರಿಯಲ್ಲಿ ಐಐಟಿ ಮದ್ರಾಸ್ ಭಾರತೀಯ ಸ್ತನ ಕ್ಯಾನ್ಸರ್ ರೋಗಿಗಳ ಜೀನೋಮ್ ಡೇಟಾ ಬಿಡುಗಡೆ ಮಾಡಿತು. ಇಡಲು ಜಾಗ ಈಗ ಉಂಟು. ಕರಾವಳಿಯ ಬಾಯಿ ಕ್ಯಾನ್ಸರ್ ಡೇಟಾ ಅಲ್ಲಿಗೆ ಹೋಗಬೇಕು.

ಪುತ್ತೂರು ತೋಟದವ

ಅಕ್ಕ ಹೇಳಿದ್ದನ್ನು ಮನೆಯಲ್ಲಿ ಓದಿ ಹೇಳಿದೆ. ಸುಲಭದ ಮಾತಲ್ಲ ಇದು, ನಮ್ಮ ಅನ್ನ ಅದರಲ್ಲೇ ಇದೆ. ಆದರೂ ಅಂಥ ಫಾರಂ ಮಾಡುವುದಾದರೆ ನನ್ನನ್ನೂ ಕರೆಯಿರಿ. ಹಸಿ ಅಡಿಕೆಯಾ, ಒಣಗಿದ್ದಾ, ನೀರಲ್ಲಿ ಹಾಕಿದ್ದಾ, ಸುಣ್ಣ ಎಷ್ಟು, ಇದನ್ನೆಲ್ಲ ಹೇಗೆ ಕೇಳಬೇಕು ಅಂತ ನಾವು ಹೇಳಬಲ್ಲೆವು. ಎಲ್ಲ ಒಂದೇ "ಅಡಿಕೆ" ಅಲ್ಲ.

ಪೆಥಾಲಜಿ ಅಕ್ಕ

ಖಂಡಿತ ಕರೆಯುತ್ತೇನೆ ಅಣ್ಣ. ಇದು ನನಗೂ ಹೊಳೆದಿರಲಿಲ್ಲ.

ಮುಡಿಪು ಹುಡುಗಿ

ಮೂರು ವಾರ ಬರೆಯದೆ ಇದ್ದದ್ದಕ್ಕೆ ಕ್ಷಮಿಸಿ. ಎಲ್ಲರೂ ಹೇಳಿದ್ದನ್ನು ಮಾಡುತ್ತಾ ಇದ್ದೆ.

ಮೊದಲ ವಾರ ಸಿಬಯೋಪೋರ್ಟಲ್ ಮಾತ್ರ. ಆಮೇಲೆ ಬಾಯಿಯ ಗಡ್ಡೆಗಳನ್ನಷ್ಟೇ ಬೇರ್ಪಡಿಸಿ, ಕುಂದಾಪುರದ ಅಣ್ಣ ಹೇಳಿದ ಹಾಗೆ ಎಣಿಸಿ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ. ಕ್ಯಾಸ್ಪೇಸ್-8 ಮತ್ತು ಆ ಐದು ಜೀನುಗಳು ಅಮೆರಿಕದ ಬಾಯಿ ಕ್ಯಾನ್ಸರಿನಲ್ಲಿ ಎಷ್ಟು, ಡಿಬಿಜೆನ್‌ವಾಕ್‌ನ ನಮ್ಮವರಲ್ಲಿ ಎಷ್ಟು ಅಂತ ಪಕ್ಕಪಕ್ಕ ಇಟ್ಟು ನೋಡುವುದು ನನ್ನ ಪ್ರಾಜೆಕ್ಟ್. ಸಣ್ಣ ಪ್ರಶ್ನೆ. ಗೈಡ್ ಒಪ್ಪಿದರು.

ಇನ್ನೊಂದು ಕೆಲಸವನ್ನೂ ಮಾಡಿದೆ. ಭಾನುವಾರ ಅತ್ತೆಯ ಹತ್ತಿರ ಕೂತು ಮಾವನ ಅಭ್ಯಾಸ ಕೇಳಿ ಬರೆದುಕೊಂಡೆ. ಎಷ್ಟು ವರ್ಷ, ದಿನಕ್ಕೆ ಎಷ್ಟು, ಯಾವ ಕೆನ್ನೆ. ಅವರ ಆಸ್ಪತ್ರೆಯ ಫೈಲು ಮನೆಯಲ್ಲೇ ಇತ್ತು. ತೆಗೆದು ನೋಡಿದೆ. ತಂಬಾಕು ಅಂತ ಇದ್ದಲ್ಲಿ "ಇಲ್ಲ" ಅಂತ ಬರೆದಿದೆ.

ಅಕ್ಕ, ಕೋಆರ್ಡಿನೇಟರ್ ಮೇಡಂ, ಹೊಸ ಫಾರಂ ಮಾಡಲು ಯಾವಾಗ ಕೂರುತ್ತೀರಿ? ನನಗೆ ತುಳುವೂ ಬರುತ್ತದೆ, ಬ್ಯಾರಿಯೂ ಬರುತ್ತದೆ.

ಕಂಕನಾಡಿ ಕೋಆರ್ಡಿನೇಟರ್

ಶನಿವಾರ ಮಧ್ಯಾಹ್ನ ಮೂರಕ್ಕೆ ಬಾ ಮಗಾ. ಮಾವನ ಫೈಲು ತಾ. ಅಲ್ಲಿಂದಲೇ ಶುರು ಮಾಡುವಾ.